ಕೇಪಿನ ಕೋವಿಯ ಕಾಣದ ಗೂಡು

ಮಲೆನಾಡಿನಲ್ಲೂ ಕೊಡಗಿನಲ್ಲೂ ಕೋವಿ ಒರೆಸುವುದೆಂದರೆ ಬಹುಮಟ್ಟಿಗೆ ನಳಿಗೆ ಒರೆಸುವುದು. ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ತಿಕ್ಕಿ, ಹೊರಮೈಗೆ ಎಣ್ಣೆ ಸವರಿ, ಮರಕ್ಕೂ ಒಂದು ಕೈ ಹಚ್ಚಿ ಗೋಡೆಗೇರಿಸಿದರೆ ಕೆಲಸ ಮುಗಿಯಿತೆಂದೇ ಲೆಕ್ಕ. ಕೇಪಿನ ಮೇಲೆ ಬಡಿಯುವ ಕುದುರೆಯ ಬುಡದಲ್ಲಿ, ಕೋವಿಯ ಬಲಮಗ್ಗುಲಿಗೆ ಕೂತಿರುವ ಗೇಣಿಗಿಂತ ಗಿಡ್ಡನೆಯ ಉಕ್ಕಿನ ಪಟ್ಟಿಯನ್ನು ಬಿಚ್ಚಿ ಅದರ ಹಿಂಬದಿ ನೋಡಿದವರು ತೀರಾ ಕಡಿಮೆ. ಅಜ್ಜನ ಕಾಲದಿಂದ ಮನೆಯಲ್ಲಿರುವ ಕೋವಿಯ ನಳಿಗೆ ಮಿರಮಿರ ಮಿನುಗುತ್ತಿರುತ್ತದೆ. ಆ ಪಟ್ಟಿಯ ಹಿಂದೆ ಮಾತ್ರ ಮೂರು ತಲೆಮಾರಿನ ಎಣ್ಣೆ, ಮಸಿ, ಮರದ ಪುಡಿ ಎಲ್ಲ ಸೇರಿ ಗಟ್ಟಿಯಾದ ಕಪ್ಪು ಕಿಟ್ಟ. ಎತ್ತಿದ ಕುದುರೆ ನಿಲ್ಲುತ್ತದೋ ಇಲ್ಲವೋ, ಟ್ರಿಗರ್ ಎಳೆಯುವ ಮೊದಲೇ ಬಿದ್ದುಬಿಡುತ್ತದೋ ಎಂಬುದು ತೀರ್ಮಾನವಾಗುವುದು ಆ ಗೂಡಿನೊಳಗೆ. ನಳಿಗೆ ಕೆಟ್ಟರೆ ಗುರಿ ತಪ್ಪಬಹುದು. ಆ ಗೂಡು ಕೆಟ್ಟರೆ ಮನೆಯೊಳಗೇ ಈಡು ಹಾರಬಹುದು.

ಬಾಯಿಂದ ಮಸಿ, ಅಂದರೆ ಕೋವಿಮದ್ದು, ತುಂಬುವ ಕೋವಿಗಳಲ್ಲಿ ಟ್ರಿಗರ್ ಒಂದು ಸರಳವಾದ ಸನ್ನೆ, ಅಷ್ಟೆ. ನಿಜವಾದ ಕೆಲಸವೆಲ್ಲ ಆ ಪಟ್ಟಿಯ ಹಿಂದಿರುವ ಲಾಕಿನದು. ಒಳಗೆ ತಿರುಪಿನ ಗೆರೆಗಳಿರುವ ರೈಫಲ್ ಆಗಲಿ, ನಮ್ಮ ಕಡೆ ಹೆಚ್ಚಾಗಿ ಕಾಣುವ ನುಣುಪು ನಳಿಗೆಯ ಕೇಪಿನ ಕೋವಿಯಾಗಲಿ, ಪಕ್ಕದಲ್ಲಿ ಲಾಕ್ ಇರುವ ಮಾದರಿಗಳೆಲ್ಲದರ ಒಳರಚನೆ ಹೆಚ್ಚುಕಡಿಮೆ ಒಂದೇ. ಹೊರಗೆ ಕಾಣುವ ಕುದುರೆಯ ಕತ್ತು ಪಟ್ಟಿಯ ತೂತಿನ ಮೂಲಕ ಒಳಗಿನ ಒಂದು ದಪ್ಪ ಬಿಲ್ಲೆಗೆ ಜೋಡಿಸಿಕೊಂಡಿರುತ್ತದೆ. ಅದಕ್ಕೆ ಟಂಬ್ಲರ್ ಎನ್ನುತ್ತಾರೆ. ಕುದುರೆ ತಿರುಗಿದರೆ ಟಂಬ್ಲರೂ ತಿರುಗುತ್ತದೆ. ಟಂಬ್ಲರಿನ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಮೊದಲನೆಯದು ಆಳವಾದದ್ದು, ಕುದುರೆ ಅರ್ಧ ಎದ್ದಾಗ ಹಿಡಿಯುವಂಥದ್ದು. ಎರಡನೆಯದು ಪೂರ್ತಿ ಎದ್ದಾಗ ಹಿಡಿಯುವ ತೆಳು ಕಚ್ಚು. ಈ ಕಚ್ಚುಗಳಿಗೆ ಮೂತಿ ಕೊಟ್ಟು ನಿಲ್ಲುವ ಪುಟ್ಟ ಸನ್ನೆಗೆ ಸಿಯರ್ ಎಂದು ಹೆಸರು. ಬಾಗಿಲಿನ ಅಗುಳಿ ಚೌಕಟ್ಟಿನ ತೂತಿನಲ್ಲಿ ಕೂತ ಹಾಗೆ ಸಿಯರಿನ ಮೂತಿ ಟಂಬ್ಲರಿನ ಕಚ್ಚಿನಲ್ಲಿ ಕೂರುತ್ತದೆ. ಸಿಯರಿನ ಇನ್ನೊಂದು ತುದಿ ತೋಳಿನಂತೆ ಅಡ್ಡ ಚಾಚಿಕೊಂಡು ಟ್ರಿಗರಿನ ಅಲಗಿನ ಮೇಲೆ ಬಂದು ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಅಲಗು ಮೇಲೆದ್ದು ಆ ತೋಳನ್ನು ಎತ್ತುತ್ತದೆ, ಮೂತಿ ಕಚ್ಚಿನಿಂದ ಜಾರುತ್ತದೆ. ಅಲ್ಲಿಯವರೆಗೆ ಮುದುಡಿಕೊಂಡಿದ್ದ ಮುಖ್ಯ ಸ್ಪ್ರಿಂಗ್ ಟಂಬ್ಲರನ್ನು ರಭಸದಿಂದ ತಿರುಗಿಸುತ್ತದೆ. ಕುದುರೆ ಕೇಪಿನ ಮೇಲೆ ಬೀಳುತ್ತದೆ. ಕೇಪಿನ ಕಿಡಿ, ಕೇಪು ಕೂರುವ ನಿಪ್ಪಲಿನ ತೂತಿನಿಂದ ನಳಿಗೆಯ ತಳಕ್ಕಿಳಿದು ಮಸಿಯನ್ನು ಹೊತ್ತಿಸುತ್ತದೆ.

ಸಿಯರಿನ ಮೂತಿಗೂ ಪೂರ್ತಿ ಕಚ್ಚಿಗೂ ನಡುವೆ ಇರುವ ಹಿಡಿತ ಎಷ್ಟೆಂದು ಒಮ್ಮೆ ನೋಡಬೇಕು. ಒಂದು ಮಿಲಿಮೀಟರಿನ ಆಸುಪಾಸು. ಅಷ್ಟು ಸಣ್ಣ ಅಂಚಿನ ಮೇಲೆ ಮುಖ್ಯ ಸ್ಪ್ರಿಂಗಿನ ಇಡೀ ಒತ್ತಡ ನಿಂತಿರುತ್ತದೆ. ಅಲ್ಲಿ ಒಂದು ತುಣುಕು ಒಣಗಿದ ಕಿಟ್ಟ ಸಿಕ್ಕಿಕೊಂಡರೆ ಮೂತಿ ಪೂರ್ತಿ ಒಳಗೆ ಕೂರುವುದಿಲ್ಲ. ಕುದುರೆ ನಿಂತಂತೆ ಕಾಣುತ್ತದೆ, ಕೋವಿಯನ್ನು ತುಸು ಕುಟ್ಟಿದರೂ ಬೀಳುತ್ತದೆ. ಲಾಕಿನ ಶುಚಿತ್ವದ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಈ ಒಂದು ಮಿಲಿಮೀಟರೇ ಕಾರಣ.

ಹಿಂದೆ ಕೋವಿಯ ಬೆಲೆ ಕಟ್ಟುವಾಗ ಲಾಕಿಗೆ ದೊಡ್ಡ ಸ್ಥಾನವಿತ್ತು. ತಯಾರಕರು ತಮ್ಮ ಹೆಸರನ್ನೂ ಮುದ್ರೆಯನ್ನೂ ಕೆತ್ತುತ್ತಿದ್ದದ್ದು ಲಾಕಿನ ಪಟ್ಟಿಯ ಮೇಲೆ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕಲ್ಲಿನ ಬಂದೂಕುಗಳಲ್ಲಿ ಕೆಲವಕ್ಕೆ ಕುದುರೆಯನ್ನೇ ಹುಲಿಯ ರೂಪದಲ್ಲಿ ಕಡೆದಿದ್ದಾರೆ. ಕಲ್ಲಿನ ಕಿಡಿ ಮಳೆ, ಗಾಳಿಗೆ ಕೈಕೊಡುತ್ತಿತ್ತು. ಕುದುರೆ ಬೀಳುವುದಕ್ಕೂ ಈಡು ಹಾರುವುದಕ್ಕೂ ನಡುವಿನ ಕ್ಷಣದಲ್ಲಿ ಕಾಣುತ್ತಿದ್ದ ಬೆಳಕಿಗೇ ಹಕ್ಕಿಗಳು ಎಚ್ಚತ್ತು ಹಾರಿಹೋಗುತ್ತಿದ್ದವು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಇದಕ್ಕೆ ಪರಿಹಾರ ಹುಡುಕುತ್ತ, ಪೆಟ್ಟು ಬಿದ್ದೊಡನೆ ಸಿಡಿಯುವ ಫಲ್ಮಿನೇಟ್ ರಾಸಾಯನಿಕವನ್ನು ಬಳಸುವ ಲಾಕಿಗೆ 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದೇ ರಾಸಾಯನಿಕ ಪುಟ್ಟ ತಾಮ್ರದ ಟೋಪಿಯೊಳಗೆ ಸೇರಿ ಕೇಪು ಎನಿಸಿಕೊಂಡಿತು. 1857ರ ದಂಗೆಯ ಹೊತ್ತಿಗೆ ಕಂಪನಿ ಸೈನಿಕರ ಕೈಗೆ ಬರುತ್ತಿದ್ದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲೂ ಬಾಯಿಂದ ತುಂಬುವ, ಕೇಪಿನಿಂದ ಹೊತ್ತುವ ಕೋವಿಯೇ. ಇಂದು ಮಲೆನಾಡಿನ ಗೋಡೆಗಳ ಮೇಲಿರುವ ಕೇಪಿನ ಕೋವಿಗಳ ಲಾಕ್ ಬಿಚ್ಚಿ ನೋಡಿದರೆ ಆ ಎನ್‌ಫೀಲ್ಡಿನ ಅದೇ ಟಂಬ್ಲರ್, ಅದೇ ಸಿಯರ್, ಅದೇ ಎಲೆ ಸ್ಪ್ರಿಂಗ್ ಕಾಣುತ್ತವೆ.

ದಂಗೆಯ ನಂತರ ದೇಶದ ಉದ್ದಗಲಕ್ಕೂ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ ಕೊಡವರಿಗೆ 1861ರಲ್ಲಿ ವಿನಾಯಿತಿ ಕೊಟ್ಟವರು ಆಗಿನ ಕಮಿಷನರ್ ಮಾರ್ಕ್ ಕಬ್ಬನ್. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಉಳಿದು ಬಂದಿದೆ. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಉಳಿದ ಜಿಲ್ಲೆಗಳ ರೈತರು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡಿರುವ ಕೋವಿಗಳಲ್ಲೂ ಬಾಯಿಂದ ತುಂಬುವ ಒಂಟಿ ನಳಿಗೆಯವು ಬೇಕಾದಷ್ಟಿವೆ, ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುವಂಥವು. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿಯ ಕಾಲ ಮುಗಿಯಿತು. ಈಗ ಪ್ರಾಣಿಗಳನ್ನು ಹೆದರಿಸಲು ಒಂದು ಖಾಲಿ ಈಡು, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೊಂದು ಈಡು, ಸಾವಿನ ಮನೆಯಲ್ಲಿ ಸುದ್ದಿ ತಿಳಿಸುವ ಈಡು. ವರ್ಷಕ್ಕೆ ನಾಲ್ಕಾರು ಸಲ ಸದ್ದು ಮಾಡಿ ಉಳಿದ ದಿನವೆಲ್ಲ ಸುಮ್ಮನೆ ಕೂರುವ ಕೋವಿಗಳು ಇವು. ದಿನವೂ ಬಳಸುವ ಯಂತ್ರಕ್ಕಿಂತ ಹೀಗೆ ಸುಮ್ಮನೆ ಕೂತ ಯಂತ್ರಕ್ಕೆ ಹೆಚ್ಚು ಆರೈಕೆ ಬೇಕು. ಒಂದೇ ಒಂದು ಈಡಿನ ಕಿಟ್ಟ ತಿಂಗಳುಗಟ್ಟಲೆ ಒಳಗೆ ಕೂತು ಕೆಲಸ ಮಾಡುತ್ತಿರುತ್ತದೆ.

ಆ ಕೆಲಸ ಏನೆಂದು ತಿಳಿದರೆ ಶುಚಿ ಮಾಡುವ ಕ್ರಮ ತಾನಾಗಿ ಹೊಳೆಯುತ್ತದೆ. ಕರಿ ಮಸಿಯಲ್ಲಿ ಸುಮಾರು ಶೇ 75 ಪೆಟ್ಲುಪ್ಪು, ಶೇ 15 ಇದ್ದಿಲು, ಶೇ 10 ಗಂಧಕ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬೆಲ್ ಎಂಬಿಬ್ಬರು 1875ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಮಸಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು, ಸುಮಾರು ಶೇ 57ರಷ್ಟು, ಘನ ಪದಾರ್ಥವಾಗಿ ಉಳಿಯುತ್ತದೆ. ಈ ಉಳಿಕೆಯಲ್ಲಿ ಮುಖ್ಯವಾದವು ಪೊಟಾಸಿಯಂ ಕಾರ್ಬೊನೇಟ್, ಪೊಟಾಸಿಯಂ ಸಲ್ಫೇಟ್, ಪೊಟಾಸಿಯಂ ಸಲ್ಫೈಡ್. ಕೋವಿ ತೊಳೆದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಸಲ್ಫೈಡಿನಿಂದ. ಕಾರ್ಬೊನೇಟಿಗೆ ಗಾಳಿಯಲ್ಲಿರುವ ನೀರನ್ನು ಹೀರಿ ತಾನೇ ಕರಗಿ ಒದ್ದೆಯಾಗುವ ಗುಣವಿದೆ. ಜೊತೆಗೆ, ಪೊಟಾಸಿಯಂ ಕ್ಲೋರೇಟ್ ಬೆರೆತ ಕೇಪು ಸಿಡಿದಾಗ ಉಳಿಯುವುದು ಪೊಟಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಜಾತಿಗೇ ಸೇರಿದ, ಕಬ್ಬಿಣವನ್ನು ಅಷ್ಟೇ ಬೇಗ ತಿನ್ನುವ ಲವಣ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರಿನಲ್ಲಿ, ಗಾಳಿಯ ತೇವಾಂಶ ದಿನಗಟ್ಟಲೆ ಶೇ 90ರ ಮೇಲೇ ನಿಲ್ಲುವ ಜುಲೈಯಲ್ಲಿ, ಈ ಲವಣಗಳು ಉಕ್ಕಿನ ಮೈಮೇಲೆ ಕೂತರೆ ತುಕ್ಕಿಗೆ ಇನ್ನೇನು ಬೇಕು?

ಇಲ್ಲಿ ಒಂದು ಮಾತು ಮನಸ್ಸಿಗೆ ಹತ್ತಬೇಕು. ಲವಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಕಿಟ್ಟದ ಮೇಲೆ ಎಷ್ಟೇ ಎಣ್ಣೆ ಸುರಿದರೂ ಲವಣ ಅಡಿಯಲ್ಲಿ ಹಾಗೆಯೇ ಇರುತ್ತದೆ, ಎಣ್ಣೆಯ ಪದರದ ಕೆಳಗೆ ತನ್ನ ಪಾಡಿಗೆ ತುಕ್ಕು ಹಿಡಿಸುತ್ತಿರುತ್ತದೆ. ಕೋವಿಗೆ ನೀರು ತಾಗಿಸಬಾರದು ಎಂದು ನಂಬಿ ಬರೀ ಎಣ್ಣೆಯಲ್ಲೇ ಶುಚಿ ಮಾಡುವವರ ಕೋವಿಗಳೇ ಒಳಗೆ ಹೆಚ್ಚು ತಿಂದುಹೋಗಿರುವುದನ್ನು ನಾನು ನೋಡಿದ್ದೇನೆ. ಮೊದಲು ನೀರು, ಆಮೇಲೆ ಒಣಗಿಸುವುದು, ಕೊನೆಗೆ ಎಣ್ಣೆ. ಈ ಕ್ರಮ ನಳಿಗೆಗೂ ಸರಿ, ಲಾಕಿಗೂ ಸರಿ.

ಲಾಕಿನೊಳಗೆ ಕೊಳೆ ಸೇರುವ ದಾರಿಗಳು ಮೂರು. ಕೇಪು ಸಿಡಿದಾಗ ನಿಪ್ಪಲಿನ ಸುತ್ತ ಹಿಂದಕ್ಕೆ ಚಿಮ್ಮುವ ಹೊಗೆಯೂ ಕೇಪಿನ ಚೂರುಗಳೂ ಕುದುರೆಯ ಬುಡದ ಸಂದಿಯಲ್ಲಿ ಇಳಿಯುತ್ತವೆ. ಮರದ ಹಿಡಿ ಹೀರಿಕೊಂಡ ತೇವ ಲಾಕಿನ ಬೆನ್ನಿಗೆ ಬಂದು ತಾಗುತ್ತದೆ. ಮೂರನೆಯದನ್ನು ನಾವೇ ಕೈಯಾರೆ ಮಾಡುತ್ತೇವೆ. ನಳಿಗೆ ತೊಳೆಯಲು ಬಾಯಿಂದ ಬಿಸಿನೀರು ಸುರಿದಾಗ ಆ ಕರಿ ನೀರು ನಿಪ್ಪಲಿನ ತೂತಿನಿಂದ ಹೊರಬಂದು, ಪಟ್ಟಿಯ ಅಂಚಿನಲ್ಲಿ ಇಳಿದು, ನೇರವಾಗಿ ಲಾಕಿನ ಗೂಡಿಗೆ ಹೋಗುತ್ತದೆ. ನಳಿಗೆ ಶುಚಿಯಾಗುತ್ತದೆ, ಅದರ ಉಪ್ಪೆಲ್ಲ ಲಾಕಿಗೆ ದಾಟುತ್ತದೆ. ಆದ್ದರಿಂದ ಮರದಿಂದ ನಳಿಗೆ ಬೇರ್ಪಡಿಸಲಾಗದ ಕೋವಿಗಳಲ್ಲಿ ನೀರು ಹಾಕುವ ಮೊದಲೇ ಲಾಕನ್ನು ಬಿಚ್ಚಿ ಪಕ್ಕಕ್ಕಿಡಬೇಕು.

ಬಿಚ್ಚುವುದಕ್ಕೂ ಮೊದಲು ಕೋವಿ ಖಾಲಿ ಇದೆಯೇ ಎಂದು ನೋಡುವುದು. ತೋಟಾ ಕೋವಿಯನ್ನು ಮುರಿದು ನೋಡಿದರೆ ತಿಳಿಯುತ್ತದೆ, ಕೇಪಿನ ಕೋವಿಯ ಹೊಟ್ಟೆಯಲ್ಲಿ ಏನಿದೆಯೆಂದು ಹೊರಗಿಂದ ಕಾಣುವುದಿಲ್ಲ. ತುಂಬಿಟ್ಟವರು ಮರೆತು ತೀರಿಕೊಂಡು, ಮಕ್ಕಳ ಕಾಲದಲ್ಲೂ ಗೋಡೆಯ ಮೇಲೆ ತುಂಬಿದ ಕೋವಿ ಹಾಗೆಯೇ ನೇತಾಡುತ್ತಿರುವುದುಂಟು, ಒಣಗಿದ ಮಸಿ ಎಷ್ಟು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಇದಕ್ಕೆ ಹಿಂದಿನವರ ಒಂದು ಉಪಾಯವಿದೆ. ಖಾಲಿ ಎಂದು ಖಚಿತವಿರುವಾಗ ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಕೊಯ್ದಿಡುವುದು. ಮುಂದೆ ಯಾವಾಗ ಇಳಿಸಿದರೂ ಗೆರೆ ಬಾಯಿಯ ಮಟ್ಟಕ್ಕೆ ಬಂದರೆ ಖಾಲಿ, ಮೇಲೇ ನಿಂತರೆ ಒಳಗೆ ಏನೋ ಇದೆ. ಗೆರೆಯೇ ಇಲ್ಲದ ಹಳೆಯ ಕೋವಿಯಲ್ಲಿ ಗಜ ಎಷ್ಟು ಇಳಿಯಿತೆಂದು ಗುರುತು ಮಾಡಿ, ಅದನ್ನು ಹೊರಗೆ ನಳಿಗೆಯ ಪಕ್ಕ ಹಿಡಿದು ತುದಿ ನಿಪ್ಪಲಿನ ನೇರಕ್ಕೆ ಬರುತ್ತದೆಯೇ ನೋಡಬೇಕು. ಇದನ್ನೆಲ್ಲ ಮಾಡುವಾಗ ನಿಪ್ಪಲಿನ ಮೇಲೆ ಕೇಪು ಇರಕೂಡದು, ನಳಿಗೆಯ ಬಾಯಿಗೆ ಮುಖ ಕೊಡಕೂಡದು. ಒಳಗೆ ಈಡು ಇದೆ ಎನಿಸಿದರೆ ಅಲ್ಲಿಗೇ ನಿಲ್ಲಿಸಿ, ಪರವಾನಗಿ ಇರುವ ಕೋವಿ ರಿಪೇರಿಯವರನ್ನು ಮನೆಗೇ ಕರೆಸುವುದು ಒಳ್ಳೆಯದು.

ಖಾಲಿಯೆಂದು ಖಚಿತವಾದ ಮೇಲೆ ಕುದುರೆಯನ್ನು ಅರ್ಧ ಕಚ್ಚಿಗೆ ಎತ್ತಿ ನಿಲ್ಲಿಸಬೇಕು. ಕೆಳಗೆ ಬಿಟ್ಟರೆ ಅದರ ಬಾಯಿ ನಿಪ್ಪಲಿಗೆ ಕಚ್ಚಿಕೊಂಡು ಲಾಕ್ ಹೊರಬರುವುದಿಲ್ಲ. ಎಡಗಡೆಯಿಂದ ಮರವನ್ನು ಹಾಯ್ದು ಬಂದು ಲಾಕಿನ ಪಟ್ಟಿಯನ್ನು ಹಿಡಿದಿರುವ ಸ್ಕ್ರೂ ಒಂದೋ ಎರಡೋ ಇರುತ್ತವೆ. ಅವುಗಳ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಸಡಿಲವಾದದ್ದನ್ನು ಹಾಕಿ ತಿರುಗಿಸಿದರೆ ಸೀಳು ಅಗಲವಾಗಿ ಹೋಗುತ್ತದೆ, ಹಳೆಯ ಕೋವಿಯ ಕೈಯಲ್ಲಿ ಕಡೆದ ಸ್ಕ್ರೂವಿಗೆ ಅಂಗಡಿಯಲ್ಲಿ ಜೋಡಿ ಸಿಗುವುದಿಲ್ಲ. ಸ್ಕ್ರೂಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಅವುಗಳ ತಲೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಬಲಗಡೆ ಪಟ್ಟಿ ಮರ ಬಿಟ್ಟು ಸಮನಾಗಿ ಏಳುತ್ತದೆ. ಆಮೇಲೆ ಸ್ಕ್ರೂ ಪೂರ್ತಿ ತೆಗೆದು ಲಾಕನ್ನು ಕೈಗೆ ತೆಗೆದುಕೊಳ್ಳುವುದು. ಪಟ್ಟಿಯ ಅಂಚಿಗೆ ಚಾಕುವನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ಮೀಟಿದರೆ ಮರ ಚಿಪ್ಪು ಏಳುತ್ತದೆ. ಹಳೆಯ ಕೋವಿಗಳ ಲಾಕಿನ ಸುತ್ತ ಕಾಣುವ ಮುರುಕುಗಳೆಲ್ಲ ಹೀಗೆ ಮೀಟಿದವರ ಗುರುತುಗಳು. ಎರಡು ಸ್ಕ್ರೂಗಳ ಉದ್ದ ಬೇರೆಬೇರೆ ಇರಬಹುದು. ಒಂದು ಕಾಗದದ ಮೇಲೆ ಕೋವಿಯ ಚಿತ್ರ ಗೀಚಿ, ಯಾವ ಜಾಗದ ಸ್ಕ್ರೂವೋ ಆ ಜಾಗಕ್ಕೇ ಚುಚ್ಚಿಟ್ಟರೆ ಗೊಂದಲವಿಲ್ಲ.

ಈಗ ಕೈಯಲ್ಲಿರುವ ಲಾಕನ್ನು ಇನ್ನಷ್ಟು ಬಿಚ್ಚುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಬೇಡ ಎನ್ನುವುದೇ ನನ್ನ ಸಲಹೆ. ಮುಖ್ಯ ಸ್ಪ್ರಿಂಗ್ ಇಕ್ಕಳದಂತೆ ಮಡಿಚಿದ ಹದಗೊಳಿಸಿದ ಉಕ್ಕು. ಅದನ್ನು ಒತ್ತಿ ಹಿಡಿಯಲು ಅದಕ್ಕೆಂದೇ ಮಾಡಿದ ಪುಟ್ಟ ಬಿಗಿತಿರುಪು ಬೇಕು. ಕೈಗೆ ಸಿಕ್ಕ ಇಕ್ಕಳದಲ್ಲಿ ಹಿಡಿದರೆ ಒಂದೋ ಅದು ಮುರಿಯುತ್ತದೆ, ಇಲ್ಲವೇ ಹಾರಿ ಕಣ್ಣಿಗೆ ಬಡಿಯುತ್ತದೆ. ವರ್ಷದ ಶುಚಿಗೆ ಅಷ್ಟು ಬಿಚ್ಚುವ ಅಗತ್ಯವೂ ಇಲ್ಲ. ಇಡೀ ಲಾಕನ್ನು ಹಾಗೆಯೇ ಬಿಸಿನೀರಿಗೆ ಇಳಿಸಿ, ಸ್ವಲ್ಪ ಪಾತ್ರೆ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಗೊಂದಿಗಳನ್ನೆಲ್ಲ ತಿಕ್ಕಬೇಕು. ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದುಕೊಂಡೇ ನಿಧಾನವಾಗಿ ಎತ್ತಿ ಇಳಿಸುತ್ತಿದ್ದರೆ ಟಂಬ್ಲರಿನ ಅಡಿಯಲ್ಲಿ ಅಡಗಿದ್ದ ಕೊಳೆಯೂ ಹೊರಬರುತ್ತದೆ. ಅರ್ಧ ಕಚ್ಚು ಆಳವಾದ್ದರಿಂದ ಕಿಟ್ಟ ತುಂಬಿಕೊಳ್ಳುವುದು ಅಲ್ಲೇ ಹೆಚ್ಚು, ಬಿದಿರಿನ ಹಲ್ಲುಕಡ್ಡಿಯಲ್ಲಿ ಅದನ್ನು ಕೆದಕಿ ತೆಗೆಯಬೇಕು. ಉಕ್ಕಿನ ಸೂಜಿ, ಮೊಳೆ ಬಳಸಿದರೆ ಕಚ್ಚಿನ ಅಂಚಿಗೆ ಗೀರು ಬೀಳುತ್ತದೆ. ಎಣ್ಣೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ತೊಳೆಯುವ ಮುನ್ನ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡಬಹುದು. ಕೊನೆಗೆ ಕುದಿಯುವ ನೀರು ಹೊಯ್ದು ಎತ್ತಿದರೆ ಬಿಸಿಯಾದ ಉಕ್ಕು ತನ್ನ ಶಾಖದಲ್ಲೇ ಬೇಗ ಒಣಗುತ್ತದೆ. ಬಟ್ಟೆಯಲ್ಲಿ ಒತ್ತಿ, ಬಿಸಿಲಿದ್ದರೆ ಬಿಸಿಲಲ್ಲಿ, ಇಲ್ಲದಿದ್ದರೆ ಕೂದಲು ಒಣಗಿಸುವ ಯಂತ್ರದ ಗಾಳಿಯಲ್ಲಿ, ಸ್ಪ್ರಿಂಗಿನ ಮಡಿಕೆಯೊಳಗೂ ತೇವ ಉಳಿಯದ ಹಾಗೆ ಆರಿಸಬೇಕು.

ತೊಳೆಯುವಾಗಾಗಲಿ ಒರೆಸುವಾಗಾಗಲಿ ಕೈಯಲ್ಲಿರುವ ಲಾಕಿನ ಕುದುರೆಯನ್ನು ರಪ್ಪನೆ ಬೀಳಲು ಬಿಡಬಾರದು. ಕೋವಿಯಲ್ಲಿದ್ದಾಗ ನಿಪ್ಪಲ್ ಅದನ್ನು ತಡೆಯುತ್ತದೆ. ಹೊರಗೆ ತಡೆಯಲು ಏನೂ ಇಲ್ಲದ್ದರಿಂದ ಪೆಟ್ಟೆಲ್ಲ ಒಳಗಿನ ಭಾಗಗಳಿಗೇ ಬೀಳುತ್ತದೆ, ಮುಖ್ಯ ಸ್ಪ್ರಿಂಗ್ ಮುರಿಯುವುದು ಎಷ್ಟೋ ಸಲ ಹೀಗೆ. ಕೋವಿಗೆ ಜೋಡಿಸಿದ ಮೇಲೂ ಕೇಪಿಲ್ಲದೆ ಕುದುರೆ ಹೊಡೆಸುವ ಆಟ ಒಳ್ಳೆಯದಲ್ಲ. ನಿಪ್ಪಲಿನ ತುದಿ ಅಗಲವಾಗಿ, ಮುಂದೆ ಕೇಪು ಸರಿಯಾಗಿ ಕೂರುವುದಿಲ್ಲ. ಪರೀಕ್ಷಿಸಲೇಬೇಕೆಂದರೆ ನಡುವೆ ದಪ್ಪನೆಯ ತೊಗಲಿನ ತುಂಡೊಂದನ್ನು ಇಟ್ಟುಕೊಳ್ಳಬೇಕು.

ಎಣ್ಣೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಮರಕ್ಕೆ ಹಚ್ಚಿದರೆ ಅಂಥ ತೊಂದರೆಯಿಲ್ಲ, ಲಾಕಿಗೆ ಮಾತ್ರ ಬೇಡವೇ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಪುತ್ತರಿ ಬರುವುದು ನವೆಂಬರ್ ಕೊನೆ, ಡಿಸೆಂಬರಿನಲ್ಲಿ. ಕೊಡಗಿನ ಆ ರಾತ್ರಿಗಳ ಚಳಿಯಲ್ಲಿ ಸಿಯರಿನ ಸುತ್ತ ಹೆಪ್ಪುಗಟ್ಟಿದ ಎಣ್ಣೆ ಅದರ ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ, ಮೂತಿ ಕಚ್ಚಿನೊಳಗೆ ಅರ್ಧಕ್ಕೇ ನಿಲ್ಲುತ್ತದೆ. ಅಡುಗೆಯ ಎಣ್ಣೆಗಳು ಗಾಳಿ ತಾಗಿ ಅಂಟಂಟಾಗುತ್ತವೆ, ಕಮಟುತ್ತವೆ, ಧೂಳನ್ನು ಹಿಡಿದಿಡುತ್ತವೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳ್ಳನೆಯ ಎಣ್ಣೆ ಇದಕ್ಕೆಲ್ಲ ಉತ್ತಮ, ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ಅದೂ ಹನಿ ಲೆಕ್ಕದಲ್ಲಿ. ಟಂಬ್ಲರಿನ ಅಚ್ಚು ಪಟ್ಟಿಯನ್ನು ಹಾಯುವಲ್ಲಿ ಒಂದು ಹನಿ, ಸಿಯರ್ ತಿರುಗುವ ಸ್ಕ್ರೂವಿಗೆ ಒಂದು, ಮುಖ್ಯ ಸ್ಪ್ರಿಂಗಿನ ಕೊಕ್ಕೆ ಟಂಬ್ಲರಿಗೆ ತಾಗುವಲ್ಲಿ ಒಂದು, ಸಿಯರಿನ ಬೆನ್ನಿಗೆ ಸಣ್ಣ ಸ್ಪ್ರಿಂಗ್ ಉಜ್ಜುವಲ್ಲಿ ಒಂದು. ಕಚ್ಚುಗಳಿಗೂ ಸ್ಪ್ರಿಂಗುಗಳ ಮೈಗೂ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒಂದು ಒರಸು ಸಾಕು. ಸ್ಪ್ರಿಂಗಿನ ಮೈಯನ್ನು ಮರೆಯಬಾರದು. ತುಕ್ಕು ತಿಂದು ಬಿದ್ದ ಸಣ್ಣ ಗುಳಿಯೂ ಬಾಗುವ ಉಕ್ಕಿನಲ್ಲಿ ಬಿರುಕಿಗೆ ಆರಂಭವಾಗುತ್ತದೆ, ಸ್ಪ್ರಿಂಗ್ ಒಂದು ದಿನ ಅಲ್ಲಿಗೇ ತುಂಡಾಗುತ್ತದೆ.

ಹೆಚ್ಚು ಎಣ್ಣೆ ಹಾಕಿದರೆ ಹೆಚ್ಚು ರಕ್ಷಣೆ ಎಂಬ ಭಾವನೆ ಬಲವಾಗಿದೆ. ಹೆಚ್ಚಿದ ಎಣ್ಣೆ ಹೋಗುವುದು ಮರಕ್ಕೆ. ಲಾಕಿನ ಹಿಂದಿನ ಮರ ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿ, ಉಗುರು ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಾಗುತ್ತದೆ. ಮೆತ್ತಗಾದ ಮರದ ಮೇಲೆ ಸ್ಕ್ರೂ ಬಿಗಿದಾಗ ಲಾಕ್ ಇರಬೇಕಾದ್ದಕ್ಕಿಂತ ಒಳಕ್ಕೆ ಕೂರುತ್ತದೆ. ಸಿಯರಿನ ತೋಳು ಮರಕ್ಕೆ ತಾಗಿ ಉಜ್ಜತೊಡಗುತ್ತದೆ, ಟ್ರಿಗರಿನ ಎಳೆತ ಬದಲಾಗುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬಿದಾಗಲೂ ಇದೇ ತೊಂದರೆ ಬೇರೆ ದಾರಿಯಿಂದ ಬರುತ್ತದೆ. ಸಿಯರಿನ ತೋಳಿಗೂ ಟ್ರಿಗರಿನ ಅಲಗಿಗೂ ನಡುವೆ ಕೂದಲೆಳೆಯಷ್ಟು ಬಿಡುವು ಇರಲೇಬೇಕು. ಉಬ್ಬಿದ ಮರ ಟ್ರಿಗರನ್ನು ಮೇಲೆತ್ತಿ ಹಿಡಿದರೆ ಮೂತಿ ಕಚ್ಚಿಗೆ ಪೂರ್ತಿ ಇಳಿಯಲಾರದು. ಕುದುರೆ ಎತ್ತಿದರೆ ನಿಲ್ಲುವುದಿಲ್ಲ, ಅಥವಾ ನಿಂತು ತಾನಾಗಿ ಬೀಳುತ್ತದೆ. ಆಗ ಎಷ್ಟೋ ಮಂದಿ ಲಾಕೇ ಸವೆದಿದೆ ಎಂದು ತೀರ್ಮಾನಿಸುತ್ತಾರೆ.

ನಿಜಕ್ಕೂ ತಪ್ಪು ಎಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ. ಲಾಕನ್ನು ಹೊರತೆಗೆದು, ಕುದುರೆಯ ಮೇಲೆ ಹೆಬ್ಬೆರಳಿಟ್ಟು ಪೂರ್ತಿ ಕಚ್ಚಿಗೆ ಎತ್ತಿ, ಹೆಬ್ಬೆರಳ ಹಿಡಿತವನ್ನು ತುಸುತುಸುವೇ ಸಡಿಲಿಸಿ ನೋಡುವುದು. ಹೊರಗಿರುವ ಲಾಕ್ ಎರಡೂ ಕಚ್ಚುಗಳಲ್ಲಿ ಸರಿಯಾಗಿ ಹಿಡಿದು, ಸಿಯರಿನ ತೋಳು ಎತ್ತಿದಾಗ ಮಾತ್ರ ಬಿಡುತ್ತಿದ್ದರೆ ಲಾಕಿನಲ್ಲಿ ದೋಷವಿಲ್ಲ, ದೋಷ ಮರದಲ್ಲೋ ಟ್ರಿಗರಿನಲ್ಲೋ ಇದೆ. ಆಗ ಗೂಡಿನೊಳಗೆ ಬೆಳಕು ಹಾಯಿಸಿ ನೋಡಿದರೆ ಸಿಯರಿನ ತೋಳು ಉಜ್ಜಿದ ಜಾಗ ಮಿನುಗುತ್ತಿರುತ್ತದೆ. ಟ್ರಿಗರನ್ನೂ ಬೆರಳಿನಿಂದ ಆಡಿಸಿ ನೋಡಬೇಕು. ಲಾಕ್ ಇಲ್ಲದಾಗ ಅದು ಯಾವ ತಡೆಯೂ ಇಲ್ಲದೆ ತೂಗಾಡಬೇಕು. ಅದರ ಸೀಳಿನಲ್ಲಿ ಸೇರಿದ ಧೂಳು, ಜೇಡರಬಲೆ, ಕಣಜದ ಮಣ್ಣು ಸಹ ಹಿಡಿದು ನಿಲ್ಲಿಸಬಹುದು. ತೆಳ್ಳನೆಯ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ತೆಗೆದು, ಟ್ರಿಗರಿನ ಮೊಳೆಗೆ ಒಂದು ಹನಿ ಎಣ್ಣೆ ಮುಟ್ಟಿಸಿದರೆ ಆಯಿತು. ಗೂಡಿನ ಮರವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಂದು ದಿನ ಗಾಳಿಗೆ ಬಿಟ್ಟು, ಆಮೇಲೆ ಲಾಕ್ ಜೋಡಿಸಬೇಕು. ಸ್ಕ್ರೂಗಳನ್ನು ಮುಷ್ಟಿ ಬಿಗಿದು ತಿರುಗಿಸುವ ಅಗತ್ಯವಿಲ್ಲ. ಪಟ್ಟಿ ಅಲುಗದಷ್ಟು ಬಿಗಿ ಸಾಕು.

ಗುರಿ ಸ್ಪರ್ಧೆಗೆಂದು ಮಾಡಿದ ಕೆಲವು ರೈಫಲ್ಲುಗಳಲ್ಲಿ, ಯುರೋಪು ಅಮೆರಿಕಗಳಲ್ಲಿ ಇವು ಇಂದಿಗೂ ಬಳಕೆಯಲ್ಲಿವೆ, ಎರಡು ಟ್ರಿಗರುಗಳಿರುತ್ತವೆ. ಒಂದನ್ನು ಎಳೆದು ಸಜ್ಜು ಮಾಡಿದರೆ ಇನ್ನೊಂದು ಬೆರಳು ಸೋಕಿದರೆ ಸಾಕು ಎನ್ನುವಷ್ಟು ಹಗುರಾಗುತ್ತದೆ. ಅಂಥ ಲಾಕಿನ ಟಂಬ್ಲರಿನಲ್ಲಿ, ಬೀಳುವ ಕುದುರೆ ಅರ್ಧ ಕಚ್ಚಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಅಕ್ಕಿಕಾಳಿಗಿಂತ ಸಣ್ಣ ತುಣುಕೊಂದಿರುತ್ತದೆ. ಅದು ಕಿಟ್ಟದಲ್ಲಿ ಅಂಟಿಕೊಂಡು ಚಲಿಸದಿದ್ದರೆ ಸಿಯರಿನ ಮೂತಿಯೇ ಮುರಿಯಬಹುದು. ಬಿಚ್ಚಿದಾಗ ಕಣ್ಣಿಗೆ ಕಾಣದೆ ಉದುರಿ ಕಳೆದುಹೋಗುವುದೂ ಅದೇ.

ಮನೆಯಲ್ಲಿ ಎಂದಿಗೂ ಮಾಡಬಾರದ ಕೆಲಸವೊಂದಿದೆ. ಟ್ರಿಗರ್ ಗಡುಸು ಎಂದು ಟಂಬ್ಲರಿನ ಕಚ್ಚನ್ನೋ ಸಿಯರಿನ ಮೂತಿಯನ್ನೋ ಅರದಿಂದ ಉಜ್ಜುವುದು. ಇವೆರಡರ ಗಡಸುತನ ಮೇಲ್ಮೈಯಲ್ಲಿ ಮಾತ್ರ. ಮೆದು ಕಬ್ಬಿಣವನ್ನು ಮೂಳೆ ಇದ್ದಿಲಿನೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಕಾಯಿಸಿ, ಹೊರಪದರಕ್ಕೆ ಇಂಗಾಲ ಉಣ್ಣಿಸಿ, ನೀರಿನಲ್ಲಿ ತಣಿಸಿ ಪಡೆದ ಗಡಸುತನ ಅದು. ಆ ಪದರ ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ತೆಳು. ಅರ ಅದನ್ನು ಕಿತ್ತು ಕೆಳಗಿನ ಮೆದು ಕಬ್ಬಿಣವನ್ನು ಹೊರತೆಗೆಯುತ್ತದೆ. ಮೊದಲ ದಿನ ಟ್ರಿಗರ್ ಹಗುರವಾಗಿ ಹಿತವೆನಿಸುತ್ತದೆ. ಬಳಸುತ್ತ ಬಳಸುತ್ತ ಆ ಅಂಚು ದುಂಡಗಾಗಿ, ಕುದುರೆ ಯಾವ ಕ್ಷಣ ಬಿಡುತ್ತದೆಂದು ಹೇಳಲಾಗದ ಸ್ಥಿತಿಗೆ ಬರುತ್ತದೆ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಕೋವಿ ತಯಾರಿಕೆಯ ಜೊತೆಗೆ ರಿಪೇರಿಯನ್ನೂ ಸೇರಿಸಿ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕೆಂದು ಹೇಳುತ್ತದೆ. ಒರೆಸಿ, ತೊಳೆದು, ಎಣ್ಣೆ ಹಾಕಿ ಇಡುವುದು ಮಾಲೀಕನ ಪಾಲಿನ ಕೆಲಸ. ಲೋಹ ಕೊರೆಯುವ ಕೆಲಸ ಪರವಾನಗಿ ಇರುವವರದು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿಯುವವರೆಗೆ ದೇವರ ಕೋಣೆಯಲ್ಲಿ ಇಟ್ಟಿದ್ದ ಕೋವಿ, ಒಡಿಕತ್ತಿಗಳನ್ನು ಅಂದು ತೆಗೆದು, ಒರೆಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಈ ಹಬ್ಬ ನನಗೆ ಬಹಳ ಪ್ರಿಯವಾದದ್ದು. ಆದರೆ ಲಾಕಿನ ದೃಷ್ಟಿಯಿಂದ ನೋಡಿದರೆ ಜೂನಿನಿಂದ ಆಗಸ್ಟ್‌ವರೆಗಿನ ಮೂರು ತಿಂಗಳ ಮಳೆಯಲ್ಲಿ ತುಕ್ಕು ತನ್ನ ಕೆಲಸ ಮುಗಿಸಿದ ಮೇಲೆ ನಾವು ಒರೆಸಲು ಕೂರುತ್ತೇವೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಒಣ ಬಿಸಿಲಲ್ಲಿ ಒಮ್ಮೆ ಲಾಕ್ ಬಿಚ್ಚಿ ತೊಳೆದಿಟ್ಟರೆ ಹಬ್ಬದ ದಿನ ಒರೆಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಪುತ್ತರಿಯ ಈಡು ಹಾರಿಸಿದ ವಾರದಲ್ಲಿ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಸಲ ಬಿಚ್ಚುವುದೂ ಹಿತವಲ್ಲ, ಪ್ರತಿ ಸಲವೂ ಮರದ ಅಂಚು, ಸ್ಕ್ರೂವಿನ ತೂತು ಕೊಂಚ ಸವೆಯುತ್ತವೆ. ಮಳೆಗಾಲದಲ್ಲಿ ಕೋವಿಯನ್ನು ತೊಗಲಿನ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ಗಾಳಿಯಾಡುವ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಮೇಲು. ಚೀಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಪಾಟಿನೊಳಗೆ ಸಣ್ಣ ಬಲ್ಬೊಂದನ್ನು ಉರಿಸಿಟ್ಟರೆ ಆ ಅಲ್ಪ ಶಾಖವೇ ತೇವವನ್ನು ದೂರವಿಡುತ್ತದೆ. ಕುದುರೆ ಕೆಳಗಿಳಿದಿರಬೇಕು. ಎತ್ತಿಟ್ಟ ಕುದುರೆಯ ಹಿಂದೆ ಮುಖ್ಯ ಸ್ಪ್ರಿಂಗ್ ತಿಂಗಳುಗಟ್ಟಲೆ ಒತ್ತಡದಲ್ಲೇ ಇರುತ್ತದೆ.

ಚುನಾವಣೆ ಬಂದಾಗ ಪರವಾನಗಿದಾರರು ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದುಂಟು. ವಾರಗಟ್ಟಲೆ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ, ಹತ್ತಾರು ಕೋವಿಗಳ ರಾಶಿಯಲ್ಲಿ ಅದು ನಿಂತಿರುತ್ತದೆ. ಒಪ್ಪಿಸುವ ಹಿಂದಿನ ದಿನವೇ ಲಾಕ್ ತೊಳೆದು, ಒಣಗಿಸಿ, ಎಣ್ಣೆ ಸೋಕಿಸಿ ಕೊಡುವುದು, ಮರಳಿ ಬಂದ ದಿನ ಬೇರೆ ಯಾವುದಕ್ಕೂ ಮೊದಲು ಅದನ್ನೇ ಬಿಚ್ಚಿ ನೋಡುವುದು ಒಳ್ಳೆಯ ರೂಢಿ.

ಜೋಡಿಸಿದ ಮೇಲೆ ಕೊನೆಯ ಪರೀಕ್ಷೆ, ಖಾಲಿ ಕೋವಿಯಲ್ಲಿ, ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ. ಕುದುರೆಯನ್ನು ಅರ್ಧ ಕಚ್ಚಿಗೆ ನಿಲ್ಲಿಸಿ ಟ್ರಿಗರನ್ನು ಗಟ್ಟಿಯಾಗಿ ಎಳೆದರೂ ಅದು ಬೀಳಕೂಡದು. ಪೂರ್ತಿ ಎತ್ತಿ, ಹೆಬ್ಬೆರಳನ್ನು ಕುದುರೆಯ ಮುಂದೆ ತಡೆಯಾಗಿಟ್ಟುಕೊಂಡು, ಕೋವಿಯ ಬುಡವನ್ನು ಮಡಿಚಿದ ಗೋಣಿಯ ಮೇಲೆ ಮೆಲ್ಲಗೆ ಕುಟ್ಟಿದರೂ ಜಾರಕೂಡದು. ಈ ಎರಡರಲ್ಲಿ ಒಂದು ತಪ್ಪಿದರೂ ಆ ಕೋವಿಗೆ ಮಸಿ ತುಂಬಬಾರದು, ಹಬ್ಬವಿರಲಿ ಸಾವಿರಲಿ. ಪರವಾನಗಿ ಇರುವ ರಿಪೇರಿಯವರ ಬಳಿ ಒಯ್ಯುವಾಗ ಕುದುರೆ ಯಾವ ಕಚ್ಚಿನಲ್ಲಿ ಜಾರಿತು, ಲಾಕ್ ಹೊರಗಿದ್ದಾಗ ಹಿಡಿಯಿತೇ ಇಲ್ಲವೇ ಎಂಬುದನ್ನು ಬರೆದುಕೊಂಡು ಹೋದರೆ ಅವರ ಅರ್ಧ ಕೆಲಸ ಉಳಿಯುತ್ತದೆ. ಲಾಕನ್ನು ಮಾತ್ರ ಕಳಚಿ ಒಯ್ಯುವುದಾದರೂ ಪರವಾನಗಿ ಪುಸ್ತಕ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಶಸ್ತ್ರವೇ.